ಕಿವಿ ಮುಚ್ಚಿದ ಫೈಲು

ತಾರೀಖು ಹದಿನಾಲ್ಕು, ಶನಿವಾರ
ಮಧ್ಯಾಹ್ನ ಮೂರು ಗಂಟೆ
ದಾಖಲಾತಿ ಕೋಣೆಯಿಂದ, ನಿನ್ನ ಕುರ್ಚಿಯಲ್ಲೇ ಕುಳಿತು

ಫೋನ್ ಎತ್ತದ, ಮೆಸೇಜಿಗೆ ಉತ್ತರ ಕೊಡದ, ಆದರೂ ನನ್ನ ಪ್ರೀತಿಯ ಅತ್ತಿಗೆಗೆ,

ನಿನ್ನ ಬಾಯಿಬಡುಕಿ ನಾದಿನಿಯ ನಮಸ್ಕಾರ. ಈ ಕಾಗದವನ್ನು ಓದದೆ ಹರಿಯಬೇಡ. ಹರಿಯಲೇಬೇಕು ಅನ್ನಿಸಿದರೆ ಮುಂದಿನ ಒಂದು ಸಾಲು ಓದಿ ಆಮೇಲೆ ಹರಿ. ಸಿಕ್ಕಿತು ಅತ್ತಿಗೆ! ನಿನ್ನ ಫೈಲು ಯಾಕೆ ಸುಮ್ಮನಾಗುತ್ತಿತ್ತು ಎನ್ನುವುದು ಸಿಕ್ಕಿಯೇಬಿಟ್ಟಿತು! ನೀನು ಮರೆತಿರಲಿಲ್ಲ, ಅಳಿಸಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಅದೇ ಆಯಿತು. ನಾಲ್ಕನೇ ಸಲ ದೊಡ್ಡ ಡಾಕ್ಟರನ್ನು ಕುರ್ಚಿಯ ಹಿಂದೆ ನಿಲ್ಲಿಸಿಕೊಂಡು ಮಾಡಿ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, "ಇನ್ನೊಂದ್ ಸಲ ಮಾಡು" ಎಂದರು. ಐದನೇ ಸಲವೂ ಮಾಡಿದೆ!

ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ಅಣ್ಣ ನಗಬಹುದು. ಅವನಿಗೆ ಹೇಳು, ಗುರುವಾರದಿಂದ ಹನ್ನೊಂದು ಸಲ ಫೋನ್ ಮಾಡಿದೆ, ಹನ್ನೊಂದು ಸಲವೂ ಬಡಿದುಕೊಂಡು ಸುಮ್ಮನಾಯಿತು. ಕಾಗದವಾದರೆ ಬಾಗಿಲ ಸಂದಿಯಿಂದ ಒಳಗೆ ಬಂದು ಬೀಳುತ್ತದೆ, ಕಾಲಿಗೆ ಸಿಕ್ಕಾದರೂ ಎತ್ತಿಕೊಳ್ಳುತ್ತೀಯ. ಅಣ್ಣನೂ ಇದನ್ನು ಓದಬೇಕು. ಅವನು ಒಂದು ದಿನ ನಿನ್ನನ್ನು "ನಿಜವಾಗ್ಲೂ ಮರ್ತಿರ್ಲಿಲ್ಲ ತಾನೇ?" ಎಂದು ಕೇಳಿದನಂತೆ, ನೀನು ಎರಡು ದಿನ ಅವನ ಜೊತೆ ಮಾತಾಡಲಿಲ್ಲವಂತೆ. ಅವನೇ ನನಗೆ ಹೇಳಿ ಪೇಚಾಡಿಕೊಂಡ. ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ, ಸಹಿಸಿಕೋ. ಅವನಿಗೆ ಅರ್ಥವಾಗದಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳು.

ಕೇಳು ಅಣ್ಣ. ನಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಮೂರನೇ ದಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆದು ಕಾರ್ಡಿನ ಮೇಲೆ ಇಡುತ್ತಾರೆ. ಸಾವಿರಾರು ಮಕ್ಕಳಲ್ಲಿ ಒಂದಕ್ಕೆ ಕತ್ತಿನ ಗ್ರಂಥಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಗ ಗೊತ್ತಾದರೆ ದಿನಕ್ಕೊಂದು ಪುಟ್ಟ ಮಾತ್ರೆ, ಅಷ್ಟೇ, ಮಗು ಎಲ್ಲರಂತೆ ಬೆಳೆಯುತ್ತದೆ. ತಿಂಗಳುಗಟ್ಟಲೆ ತಡವಾದರೆ ಬುದ್ಧಿಯೂ ಬೆಳವಣಿಗೆಯೂ ಹಿಂದೆ ಬೀಳುತ್ತವೆ. ಯಾವ ಮಗುವಿಗೆ ಯಾವ ದಿನ ಚುಚ್ಚಬೇಕು ಎಂದು ಹೇಳಲು ನಿನ್ನ ಹೆಂಡತಿ ಕಂಪ್ಯೂಟರಿನಲ್ಲಿ ಒಂದು ಫೈಲು ಕಟ್ಟಿದಳು. ಹಳೆಯ ಪುಸ್ತಕವೊಂದನ್ನು ಇಟ್ಟುಕೊಂಡು, ಊಟದ ಬಿಡುವಿನಲ್ಲಿ, ಯಾರ ಸಹಾಯವೂ ಇಲ್ಲದೆ! ಮಗುವಿನ ಹುಟ್ಟಿದ ತಾರೀಖನ್ನು ಪರದೆಯ ಒಂದು ಚೌಕದ ಮನೆಯಲ್ಲಿ ಬರೆದರೆ ಸಾಕು, ಫೈಲು ತಾನೇ ಎಚ್ಚರಗೊಂಡು ಪಕ್ಕದ ಮನೆಯಲ್ಲಿ ಪರೀಕ್ಷೆಯ ತಾರೀಖು ಹಾಕುತ್ತದೆ, ಹೆಸರನ್ನು ಕರೆಯುವ ಪಟ್ಟಿಗೆ ಸೇರಿಸುತ್ತದೆ. ಬಟನ್ ಒತ್ತುವುದಿಲ್ಲ, ಏನಿಲ್ಲ. ಆಸ್ಪತ್ರೆಯವರೆಲ್ಲ ಅದನ್ನು "ಅತ್ತಿಗೆ ಫೈಲು" ಎನ್ನುತ್ತಿದ್ದರು. ನಾನು ಕರೆದದ್ದೇ ಎಲ್ಲರ ಬಾಯಿಗೂ ಬಂದಿತ್ತು.

ಹತ್ತು ತಿಂಗಳ ಹಿಂದೆ ಒಂದು ಗಂಡು ಮಗುವಿನ ಹೆಸರು ಆ ಪಟ್ಟಿಗೆ ಬರಲಿಲ್ಲ. ಮಗು ಪರೀಕ್ಷೆಯಿಲ್ಲದೆ ಮನೆಗೆ ಹೋಯಿತು. ಎರಡೂವರೆ ತಿಂಗಳಾದ ಮೇಲೆ, ಹಾಲು ಕುಡಿಯುವುದಿಲ್ಲ, ಸದಾ ನಿದ್ದೆ ಎಂದು ಬೇರೆ ಕಡೆ ತೋರಿಸಿದಾಗ ಗೊತ್ತಾಯಿತು. ವಿಚಾರಣೆ ನಡೆಯಿತು. ಅತ್ತಿಗೆ, ನೀನು "ಫೈಲೇ ಹಾಕ್ಲಿಲ್ಲ ಸರ್, ನಾನು ಮುಟ್ಟಿಲ್ಲ" ಎಂದೆ. ಕಂಪ್ಯೂಟರ್ ರಿಪೇರಿಯವರು ಬಂದು ಎಲ್ಲರೆದುರು ಫೈಲು ತೆರೆದು ಸುಳ್ಳು ಹೆಸರೊಂದನ್ನು ಹಾಕಿದರು. ನಿನ್ನ ಫೈಲು ಟಣ್ಣನೆ ತಾರೀಖು ಹಾಕಿತು! "ಸರಿಯಾಗೇ ಇದ್ಯಲ್ಲಮ್ಮ" ಎಂದರು ಅವರು. ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ಎಲ್ಲರೂ ನಿನ್ನ ಮುಖ ನೋಡಿದರು. ಆಮೇಲೆ ನನ್ನನ್ನೂ ಕೇಳಿದರು, ಆಗ ದಾಖಲೆ ತುಂಬುತ್ತಿದ್ದವಳು ನಾನೇ ತಾನೆ. "ನನ್ ಮುಂದೆ ಯಾವತ್ತೂ ಕೆಟ್ಟಿಲ್ಲ ಸರ್" ಎಂದೆ. ಆಗ ನೀನು ತಿರುಗಿ ನನ್ನನ್ನು ನೋಡಿದೆ.

ವಾರದೊಳಗೆ ನೀನು ರಾಜೀನಾಮೆ ಬರೆದುಕೊಟ್ಟೆ, ಅಣ್ಣ ಬೇರೆ ಊರಿಗೆ ವರ್ಗ ಕೇಳಿಕೊಂಡ. ಹೋಗುವ ದಿನ ನೀನು ನನಗೆ "ಕೀಲಿಕೈ ಮೇಜಿನ್ ಮೇಲಿದೆ, ನೋಡ್ಕೊಳ್ಳಿ" ಎಂದೆ. "ನೋಡ್ಕೊಳ್ಳಿ"! ಹದಿನಾಲ್ಕು ವರ್ಷ ಹೋಗೇ-ಬಾರೇ ಎಂದು ಕಿತ್ತಾಡಿಕೊಂಡು, ಒಂದೇ ಡಬ್ಬಿಯಲ್ಲಿ ಉಂಡವರು ನಾವು. ನೀನು ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಇರಲಿ, ಅಳುವುದಕ್ಕೆ ಕಾಗದ ಬರೆಯಲು ಕುಳಿತಿಲ್ಲ. ಮುಂದೆ ಕೇಳು, ಇಲ್ಲಿಂದ ಮಜಾ ಶುರು.

ನೀನು ಹೋದ ಮೇಲೆ ದೊಡ್ಡ ಡಾಕ್ಟರು ಫೈಲನ್ನು ಮುಚ್ಚಿಸಿ, ಎಲ್ಲವನ್ನೂ ಪುಸ್ತಕದಲ್ಲಿ ಕೈಯಿಂದ ಬರೆಯಿರಿ ಎಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಆರು ತಿಂಗಳು ಬರೆದು ಬರೆದು ನಮ್ಮ ಬೆರಳು ಸೆಟೆದುಕೊಂಡವು. ಹೋದ ತಿಂಗಳು ಹೆರಿಗೆಗಳು ಒಂದೂವರೆ ಪಟ್ಟಾದವು, ಪುಸ್ತಕದಲ್ಲಿ ಜಾಗ ಸಾಲಲಿಲ್ಲ. ಆಗ ಫೈಲನ್ನು ಮತ್ತೆ ತೆಗೆಯೋಣವೇ ಎಂಬ ಮಾತು ಬಂತು. ನಿನ್ನ ಕುರ್ಚಿಗೆ ಯಾರು ಎಂದಾಗ ನಾನು ಕೈ ಎತ್ತಿದೆ. ಎಲ್ಲರೂ ನಕ್ಕರು. ನನಗೆ ಕಂಪ್ಯೂಟರಿನಲ್ಲಿ ಕೂಡಿಸಿ ಕಳೆಯುವುದೂ ಬರುತ್ತಿರಲಿಲ್ಲ ಎನ್ನುವುದು ನಿನಗೆ ಗೊತ್ತೇ ಇದೆ. ನಿನ್ನ ಆ ಹಳೆಯ ಪುಸ್ತಕ ಡ್ರಾಯರಿನಲ್ಲೇ ಇತ್ತು. ಮೊದಲ ಪುಟದಿಂದ ಓದಲು ಕುಳಿತೆ.

ಹೋದ ವಾರದ ಗುರುವಾರ, ಊಟಕ್ಕೆ ಹೋಗುವ ಮುನ್ನ, ಅಭ್ಯಾಸಬಲದಿಂದ, ಮತ್ತೆ ಶುರುಮಾಡಿದ್ದ ಫೈಲಿನ ಸಾಲುಗಳ ಮೇಲೆ ಕಣ್ಣಾಡಿಸಿದೆ. ಕೊನೆಯ ಎರಡು ಮಕ್ಕಳ ಪಕ್ಕದಲ್ಲಿ ಪರೀಕ್ಷೆಯ ತಾರೀಖಿನ ಮನೆ ಖಾಲಿ! ನಮ್ಮಲ್ಲಿ ಯಂತ್ರ ಏನೇ ಮುನಿಸಿಕೊಂಡರೂ ಒಂದೇ ಮದ್ದಲ್ಲವೇ, ಮುಚ್ಚು, ತೆಗೆ. ನನ್ನ ಕೈ ಆಗಲೇ ಮೂಲೆಯ ಗುಣಾಕಾರದ ಗುರುತಿನ ಹತ್ತಿರ ಹೋಗಿತ್ತು. ಅಲ್ಲೇ ತಡೆದೆ. ಅಂದು ರಿಪೇರಿಯವರು ಮುಚ್ಚಿ ತೆಗೆದದ್ದಕ್ಕೇ ಅಲ್ಲವೇ ಅದು ಸರಿಯಾಗಿ ಕಂಡದ್ದು! ಈಗ ಮುಚ್ಚಿದರೆ ಕಳ್ಳ ಕಿಟಕಿಯಿಂದ ಹಾರಿ ಹೋಗುತ್ತಾನೆ ಎಂದು ಹೊಳೆಯಿತು. "ಈ ಕಂಪ್ಯೂಟರ್ ಯಾರೂ ಮುಟ್ಬೇಡಿ, ಸ್ವಿಚ್ ಹತ್ರಾನೂ ಹೋಗ್ಬೇಡಿ" ಎಂದು ಕಾಗದದಲ್ಲಿ ದಪ್ಪಗೆ ಬರೆದು ಪರದೆಗೆ ಅಂಟಿಸಿ, ಊಟ ಬಿಟ್ಟು ನಿನ್ನ ಪುಸ್ತಕ ತೆರೆದೆ.

ಪುಸ್ತಕದಲ್ಲಿ, ಕೋಡ್ ಬರೆಯುವ ಕಿಟಕಿಯ ಕೆಳಗೆ ಒಂದು ಚಿಕ್ಕ ಜಾಗ ಇರುತ್ತದೆ, ಅಲ್ಲಿ ಪ್ರಶ್ನೆಚಿಹ್ನೆ ಹಾಕಿ ಕೇಳಿದರೆ ಯಂತ್ರ ಉತ್ತರ ಹೇಳುತ್ತದೆ ಎಂದಿದೆ. ನೀನು ಆ ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದೀಯ. ಪಕ್ಕದ ಪುಟದಲ್ಲಿ "ಎನೇಬಲ್ ಇವೆಂಟ್ಸ್" ಎಂಬ ಮಾತಿದೆ, ಅಂದರೆ ಫೈಲಿಗೆ ಹೊರಗಿನ ಸದ್ದು ಕೇಳಿಸುತ್ತಿದೆಯೋ ಇಲ್ಲವೋ ಎನ್ನುವುದು. ಒಂದೊಂದೇ ಅಕ್ಷರ ಕುಟ್ಟಿ ಕೇಳಿದೆ. ಎಂಟರ್ ಒತ್ತಿದೆ. ಕೆಳಗೆ ಒಂದೇ ಒಂದು ಪದ ಬಂತು: ಫಾಲ್ಸ್.

ಅತ್ತಿಗೆ, ನಾನು ಕುರ್ಚಿಯಿಂದ ಎದ್ದು ನಿಂತೆ! ಕೋಣೆಯಲ್ಲಿ ಯಾರೂ ಇರಲಿಲ್ಲ, ಕಪಾಟಿಗೇ "ನೋಡ್ದ್ಯಾ?" ಎಂದೆ. ಫೈಲು ಕೆಟ್ಟಿರಲಿಲ್ಲ, ಸತ್ತಿರಲಿಲ್ಲ, ಕಿವಿ ಮುಚ್ಚಿಕೊಂಡು ಕುಳಿತಿತ್ತು! ಬರೆಯುವುದನ್ನೆಲ್ಲ ಬರೆಸಿಕೊಳ್ಳುತ್ತದೆ, ಮುಖ ಮಾಮೂಲಿನಂತೆಯೇ ಇದೆ, ಆದರೆ ಏನು ಹಾಕಿದರೂ ಏಳುವುದಿಲ್ಲ. ಇಡೀ ಆಸ್ಪತ್ರೆಯಲ್ಲಿ ನಿನ್ನ ಮಾತು ನಿಜ ಎಂದು ಹೇಳಿದ ಮೊದಲ ಸಾಕ್ಷಿ ಆ ಒಂದು ಪದ.

ಆದರೆ ಕಿವಿ ಮುಚ್ಚಿದವರು ಯಾರು? ನಿನ್ನ ಕೋಡಿನೊಳಗೆ ಇಳಿದೆ. ನೀನು ನಡುನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿಟ್ಟಿದ್ದೀಯ, ನೋಡಿ ನಗು ಬಂತು. ಕನ್ನಡ ಅಕ್ಷರವನ್ನೇ ಹಾಕಬಾರದಿತ್ತೇ ಎಂದುಕೊಂಡು ನಾನೊಂದು ಹಾಕಿ ನೋಡಿದೆ, ಪ್ರಶ್ನೆಚಿಹ್ನೆಗಳ ಸಾಲು ಬಂತು. ನಿನ್ನ ಪಾಡು ಆಗ ತಿಳಿಯಿತು. ಒಂದು ಕಡೆ "ಇಲ್ಲಿ ಕಿವಿ ಮುಚ್ಚು" ಎಂದಿದೆ, ನಾಲ್ಕು ಸಾಲು ಕೆಳಗೆ "ಇಲ್ಲಿ ಕಿವಿ ತೆರೆ" ಎಂದಿದೆ. ಮುಚ್ಚುವುದು ಯಾಕೆ ಎನ್ನುವುದು ನನ್ನ ಮಂದ ತಲೆಗೆ ಹತ್ತಲಿಲ್ಲ. ಮುಚ್ಚದಿದ್ದರೆ ತೆರೆಯುವ ಕೆಲಸವೇ ಇಲ್ಲವಲ್ಲ ಎಂದು ಫೈಲಿನ ನಕಲು ಮಾಡಿಕೊಂಡು, ಬೇರೆ ಕಂಪ್ಯೂಟರಿನಲ್ಲಿ ಆ ಎರಡೂ ಸಾಲು ತೆಗೆದುಹಾಕಿದೆ. ದೊಡ್ಡ ಪಂಡಿತೆ! ಒಂದು ತಾರೀಖು ಹಾಕಿದೆನೋ ಇಲ್ಲವೋ, ಫೈಲು ಪಕ್ಕದ ಮನೆಯಲ್ಲಿ ಬರೆಯಿತು. ತಾನು ಬರೆದ ಸದ್ದಿಗೆ ತಾನೇ ಎಚ್ಚರಗೊಂಡು ಮತ್ತೆ ಬರೆಯಿತು. ಅದರ ಸದ್ದಿಗೆ ಮತ್ತೆ ಎದ್ದಿತು. ಪರದೆ ಬಿಳಿಚಿಕೊಂಡಿತು, ಒಳಗಿನ ಫ್ಯಾನು ಬೊಬ್ಬೆ ಹೊಡೆಯಿತು, ಕೊನೆಗೆ ಎಲ್ಲವೂ ತಾನಾಗಿಯೇ ಮುಚ್ಚಿಹೋಯಿತು. ಅದಕ್ಕೇ ನೀನು, ಬರೆಯುವ ಮುನ್ನ ಕಿವಿ ಮುಚ್ಚಿಕೋ, ಬರೆದಾದ ಮೇಲೆ ತೆರೆದುಕೋ ಎಂದು ಅದಕ್ಕೆ ಹೇಳಿಕೊಟ್ಟದ್ದು. ಎಂಥ ಜಾಣೆ ನೀನು! ನನಗೆ ಅಷ್ಟು ಹೆಮ್ಮೆಯಾಯಿತು.

ಈಗ ಉಳಿದದ್ದು ಒಂದೇ ಪ್ರಶ್ನೆ. ಮುಚ್ಚುವ ಸಾಲಿಗೂ ತೆರೆಯುವ ಸಾಲಿಗೂ ನಡುವೆ ಏನೋ ಮುರಿದು ಬೀಳುತ್ತಿದೆ, ತೆರೆಯುವ ಸಾಲಿನವರೆಗೆ ಅದು ಹೋಗುತ್ತಲೇ ಇಲ್ಲ. ಸಂಜೆ ಕಂಪ್ಯೂಟರ್ ಆರಿಸಿ ಬೆಳಿಗ್ಗೆ ಹಾಕಿದರೆ ಕಿವಿ ತಾನಾಗಿ ತೆರೆದಿರುತ್ತದೆ, ಯಾರಿಗೂ ಸುಳಿವೇ ಸಿಗುವುದಿಲ್ಲ. ಹಾಗಾದರೆ ಮುರಿಯುವುದು ಏನು? ತಾರೀಖನ್ನು ತಿರುಗಾಮುರುಗಾ ಹಾಕಿದೆ, ಮುರಿಯಲಿಲ್ಲ. ತೂಕದ ಜಾಗದಲ್ಲಿ ಹೆಸರು ಹಾಕಿದೆ, ಇಲ್ಲ. ಇಡೀ ವಂಶವೃಕ್ಷವನ್ನೇ ತಾಯಿಯ ಹೆಸರಿನ ಜಾಗದಲ್ಲಿ ತುಂಬಿದೆ, ಜಪ್ಪಯ್ಯ ಎಂದರೂ ಮುರಿಯಲಿಲ್ಲ. ನಿನ್ನ ಫೈಲು ನಿನ್ನಂತೆಯೇ ಗಟ್ಟಿ.

ಶುಕ್ರವಾರ ಬೆಳಿಗ್ಗೆ ಹೆರಿಗೆ ಕೋಣೆಯ ಪುಸ್ತಕವನ್ನೂ ಫೈಲನ್ನೂ ಪಕ್ಕಪಕ್ಕ ಇಟ್ಟುಕೊಂಡು ಒಂದು ತಿಂಗಳ ಮಕ್ಕಳನ್ನು ಒಂದೊಂದಾಗಿ ತಾಳೆ ನೋಡಿದೆ. ಮೂರು ದಿನಗಳಲ್ಲಿ ಮಾತ್ರ ಖಾಲಿ ಮನೆಗಳಿದ್ದವು, ಇನ್ನೂ ವಾರ್ಡಿನಲ್ಲೇ ಇದ್ದ ಗುರುವಾರದ ಇಬ್ಬರನ್ನು ಬಿಟ್ಟರೆ ಒಟ್ಟು ಒಂಬತ್ತು ಮಕ್ಕಳು. ಖಾಲಿ ಶುರುವಾಗುವ ಮುಂಚಿನ ಸಾಲುಗಳಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿನ ತಾರೀಖುಗಳ ನಡುವೆ ಚುಕ್ಕಿಗಳಿದ್ದವು, ಮನೆಯ ಎಡಗೋಡೆಗೆ ಅಂಟಿಕೊಂಡಿದ್ದವು. ನಿನ್ನ ಫೈಲು ಹಾಕುವ ತಾರೀಖಿಗೆ ಅಡ್ಡಗೆರೆ ಇರುತ್ತದೆ, ಬಲಕ್ಕೆ ನಿಲ್ಲುತ್ತದೆ. ಅಂದರೆ ಇವನ್ನು ಯಾರೋ ಕೈಯಿಂದ ಹಾಕಿದ್ದಾರೆ! ಈಗ ದಾಖಲೆ ತುಂಬುವವರು ಯಾರು? ನಮ್ಮ ಸರಸರ ಸಿಸ್ಟರ್. ಬಂದ ಕೋಪದಲ್ಲಿ ಅವರು ಔಷಧಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ದಾರಿಗೇ ಅಡ್ಡ ನಿಂತು, "ಫೈಲಿಗೆ ಕೈ ಹಾಕಿ ಕೆಡ್ಸಿದ್ದು ನೀವೇ ಅಲ್ವಾ?" ಎಂದು ಕೇಳಿಬಿಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮ ಮನೆತನದ ಗುಣ ಎಂದು ನೀನು ಹೇಳುತ್ತಿದ್ದೆಯಲ್ಲ, ಸರಿಯಾಗಿಯೇ ಹೇಳುತ್ತಿದ್ದೆ.

ಸಿಸ್ಟರ್ ಗಾಡಿ ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಅವಳಿ ಬಂದಾಗ ಅದು ತಾನಾಗಿ ಹಾಕಲ್ಲಮ್ಮ, ನಾನೇ ಹಾಕ್ತೀನಿ. ಅದೇನೋ ಪೆಟ್ಟಿಗೆ ಬರುತ್ತೆ, ಎಂಡ್ ಒತ್ತಿದ್ರೆ ಹೋಗುತ್ತೆ" ಎಂದರು.

ಅವಳಿ! ಅತ್ತಿಗೆ, ಅವಳಿ! ಔಷಧಿ ಗಾಡಿಯ ಮುಂದೆಯೇ ಸಿಸ್ಟರನ್ನು ತಬ್ಬಿಕೊಂಡೆ. ಅವರು "ಬಿಡೇ, ಸಿರಿಂಜಿದೆ" ಎಂದು ಕೂಗಿಕೊಂಡರು. ಓಡಿಬಂದು ನೋಡಿದರೆ, ಮೂರು ದಿನವೂ ಚುಕ್ಕಿ ಇಟ್ಟ ತಾರೀಖಿನ ಸಾಲುಗಳು ಎರಡೆರಡು, ತಾಯಿಯ ಹೆಸರು ಒಂದೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಇಲ್ಲಿ ನನ್ನ ಪಾಲಿನದ್ದನ್ನು ಒಪ್ಪಿಕೊಳ್ಳಬೇಕು. ನಿನಗೆ ನೆನಪಿದೆಯೇ, ಒಮ್ಮೆ ಅವಳಿಗಳ ಎರಡು ಸಾಲುಗಳ ನಡುವೆ ಇನ್ನೊಂದು ಮಗುವಿನ ಸಾಲು ಸೇರಿಕೊಂಡು ರಕ್ತದ ಕಾರ್ಡುಗಳು ಅದಲುಬದಲಾಗಿದ್ದವು. ಆಮೇಲೆ ನಾನೊಂದು ನಿಯಮ ಮಾಡಿದೆ: ಅವಳಿಗಳನ್ನು ಒಬ್ಬರಾದ ಮೇಲೆ ಒಬ್ಬರನ್ನು ಬರೆಯಕೂಡದು, ಬೇರೆ ಹಾಳೆಯಲ್ಲಿ ಎರಡೂ ಸಾಲು ಪೂರ್ತಿ ಬರೆದುಕೊಂಡು, ಜೋಡಿಯಾಗಿ ಎತ್ತಿ ಒಂದೇ ಏಟಿಗೆ ಫೈಲಿನಲ್ಲಿ ಕೂರಿಸಬೇಕು. ದೊಡ್ಡ ಡಾಕ್ಟರು ಸಭೆಯಲ್ಲಿ ಹೊಗಳಿದ್ದರು, ನಾನು ಒಂದು ವಾರ ನೆಲದ ಮೇಲೆ ನಡೆದಿರಲಿಲ್ಲ. ನಿನಗೆ ಆ ನಿಯಮವನ್ನು ಹೇಳಿದೆನೇ? ಹೇಳಲಿಲ್ಲ. ನಿನ್ನ ಕೋಡು ಒಂದು ಸಲಕ್ಕೆ ಒಂದೇ ಮನೆ ಬದಲಾಗುತ್ತದೆ ಎಂದು ನಂಬಿ ಕುಳಿತಿತ್ತು. ಎರಡು ಸಾಲು ಒಟ್ಟಿಗೆ ಬಂದು ಬಿದ್ದ ಕೂಡಲೇ ಇದು ಯಾವ ಲೆಕ್ಕ ಎಂದು ತಬ್ಬಿಬ್ಬಾಗಿ, ಕಿವಿ ಮುಚ್ಚಿದ್ದಾಗಲೇ ಮುರಿದು ಬೀಳುತ್ತಿತ್ತು. ಒಂದು ಪೆಟ್ಟಿಗೆ ಬರುತ್ತಿತ್ತು, ಇಂಗ್ಲಿಷಿನಲ್ಲಿ ಎರಡು ಸಾಲು, ಕೆಳಗೆ ಎಂಡ್ ಎನ್ನುವ ಬಟನ್. ಕೆಲಸದ ಗಡಿಬಿಡಿಯಲ್ಲಿ ಒತ್ತಿಬಿಡುತ್ತಾರೆ, ಅಂಥದ್ದನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ ಹೇಳು. ಅವಳಿಗಳ ಮನೆ ಖಾಲಿ ಕಂಡರೆ ಕೈಯಿಂದ ತುಂಬುತ್ತಿದ್ದರು. ಮಿಕ್ಕ ಮಕ್ಕಳಿಗೆ ಅದೇ ಹಾಕುತ್ತದೆ ಎಂದು ನಂಬಿ, ಆ ದಿನ ಅವಳಿಗಳಾದ ಮೇಲೆ ಹುಟ್ಟಿದ ಯಾವ ಮಗುವನ್ನೂ ಯಾರೂ ನೋಡುತ್ತಿರಲಿಲ್ಲ.

ಹತ್ತು ತಿಂಗಳ ಹಿಂದಿನ ಆ ದಿನವನ್ನೂ ತೆಗೆದು ನೋಡಿದೆ. ಬೆಳಿಗ್ಗೆ ಒಂಬತ್ತು ಇಪ್ಪತ್ತಕ್ಕೆ ಇಬ್ಬರು ಹೆಣ್ಣು ಅವಳಿಗಳು. ಹನ್ನೊಂದು ಗಂಟೆಗೆ ಆ ಗಂಡು ಮಗು. ಅದಾದ ಮೇಲೆ ಆ ದಿನ ಬೇರೆ ಹೆರಿಗೆಯೇ ಆಗಲಿಲ್ಲ. ಆ ಮಗು ಮೊನ್ನೆ ತಪಾಸಣೆಗೆ ಬಂದಿತ್ತು. ಈಗ ಒರಗಿಸಿದರೆ ಕೂರುತ್ತದೆ, ನಗುತ್ತದೆ, ಇನ್ನೂ ತೆವಳುವುದಿಲ್ಲ. ಇದನ್ನು ನಿನಗೆ ಮುಚ್ಚಿಡಬಾರದು.

ಒಂಬತ್ತು ಮಕ್ಕಳ ಕಥೆ ಕೇಳು. ಶುಕ್ರವಾರ ಮಧ್ಯಾಹ್ನದಿಂದಲೇ ನಾನೂ ಸಿಸ್ಟರೂ ಫೋನಿಗೆ ಕುಳಿತೆವು. ಎಂಟು ಮನೆಯವರು ಸಿಕ್ಕಿದರು. ಒಂದು ನಂಬರು ತಪ್ಪಾಗಿತ್ತು, ಕಟ್ಟಡ ಕೆಲಸದವರ ಕುಟುಂಬ. ಮರುದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಅರ್ಧ ಕಟ್ಟಿದ ಕಟ್ಟಡಗಳ ನಡುವೆ "ಹದಿನಾಲ್ಕು ದಿನದ ಹೆಣ್ಣು ಕೂಸು ಇರೋ ಮನೆ ಯಾವ್ದು?" ಎಂದು ಕೇಳುತ್ತ ತಿರುಗಿದೆವು. ಸರಸರ ಸಿಸ್ಟರ್ ಮುಂದೆ, ನಾನು ಚಪ್ಪಲಿ ಕಿತ್ತುಹೋಗಿ ಹಿಂದೆ. ಮೂರನೇ ಕಟ್ಟಡದ ಕೆಳಗಿನ ತಗಡಿನ ಮನೆಯಲ್ಲಿ ಸಿಕ್ಕಿತು. ತಾಯಿ "ಬಲು ಸಾಧು ಮಗು ಅಕ್ಕ, ಅಳೋದೇ ಇಲ್ಲ" ಎಂದಳು. ಸಿಸ್ಟರ್ ಮಗುವಿನ ಹಿಮ್ಮಡಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒತ್ತಿ ಬೆಚ್ಚಗೆ ಮಾಡಿದರು.

ಮೂರು ದಿನಕ್ಕೆ ವರದಿ ಬಂತು. ಎಂಟು ಮಕ್ಕಳದು ಸರಿಯಿದೆ. ಅಳದ ಆ ಮಗುವಿನದು ಸರಿಯಿರಲಿಲ್ಲ. ಹದಿನೇಳನೇ ದಿನಕ್ಕೆ ಮಾತ್ರೆ ಶುರುವಾಯಿತು ಅತ್ತಿಗೆ, ಚೂರು ಮಾಡಿ ಎದೆಹಾಲಿನಲ್ಲಿ ಕರಗಿಸಿ! ದೊಡ್ಡ ಡಾಕ್ಟರು "ಕಾಲ ಮಿಂಚಿಲ್ಲ, ಚೆನ್ನಾಗೇ ಬೆಳೀತಾಳೆ" ಎಂದರು. ನಿನ್ನೆ ತಾಯಿ ಬಂದಿದ್ದಳು. ಮಗು ಇಡೀ ವಾರ್ಡು ಹಾರಿಹೋಗುವ ಹಾಗೆ ಕಿರುಚಿ ಅತ್ತಿತು. ನಾನೂ ಸಿಸ್ಟರೂ ಹುಚ್ಚರ ಹಾಗೆ ಚಪ್ಪಾಳೆ ತಟ್ಟಿದೆವು, ಪಾಪ ಆ ತಾಯಿ ಗಾಬರಿಯಾದಳು.

ಈಗ ಮುಖ್ಯ ವಿಷಯ. ಬರುವ ಶುಕ್ರವಾರ ಹತ್ತು ಗಂಟೆಗೆ ದೊಡ್ಡ ಡಾಕ್ಟರು ಹಳೆಯ ವಿಚಾರಣೆಯ ಕಡತವನ್ನು ಮತ್ತೆ ತೆರೆಯುತ್ತಾರೆ. ಅಂದು ಇದ್ದವರೆಲ್ಲ ಇರಬೇಕು, ರಿಪೇರಿಯವರೂ ಬರಬೇಕು ಎಂದು ಹೇಳಿ ಕಳಿಸಿದ್ದಾರೆ. ಕಡತದಲ್ಲಿ ನಿನ್ನ ಹೆಸರಿನ ಮುಂದೆ "ನಿರ್ಲಕ್ಷ್ಯ" ಎಂದು ಬರೆದಿದ್ದಾರೆ. ಅದು ಅಳಿಯಬೇಕು. ನಿನಗೆ ಆ ಪದ ಅಂಟಿರುವಷ್ಟು ದಿನ ಬೇರೆ ಯಾವ ಆಸ್ಪತ್ರೆಯೂ ಕೆಲಸ ಕೊಡುವುದಿಲ್ಲ ಎಂದು ಅಣ್ಣ ಹೇಳಿದ. ಮೂರು ಕಡೆ ಅರ್ಜಿ ಹಾಕಿ ಮೂರು ಕಡೆಯೂ ವಾಪಸಾದದ್ದನ್ನೂ ಹೇಳಿದ. ನೀನೇ ಬರಬೇಕು. ನಿನ್ನ ಕೈಯಿಂದಲೇ ಎಲ್ಲರೆದುರು ಜೋಡಿ ಸಾಲು ಕೂರಿಸಿ, ಪೆಟ್ಟಿಗೆ ಬರಿಸಿ, ಪ್ರಶ್ನೆ ಕೇಳಿ, ಆ ಫಾಲ್ಸ್ ಅನ್ನು ತೋರಿಸಬೇಕು. ನಾನು ತೋರಿಸಬಹುದು, ಆದರೆ ಅಂದು ತಲೆ ತಗ್ಗಿಸಿಕೊಂಡು ಹೋದವಳು ನೀನು.

ರಿಪೇರಿಯ ದಾರಿಯನ್ನೂ ಕಂಡುಕೊಂಡಿದ್ದೇನೆ, ನಗಬೇಡ. ಎಷ್ಟು ಮನೆಗಳು ಬದಲಾದರೂ ಒಂದೊಂದನ್ನೇ ಎತ್ತಿಕೊಂಡು ನೋಡು ಎಂದು ಒಂದು ಸುತ್ತು. ಆಮೇಲೆ, ಏನೇ ಮುರಿದರೂ ಸರಿ, ಹೊರಗೆ ಹೋಗುವ ಮುನ್ನ ಕಿವಿ ತೆರೆದೇ ಹೋಗು ಎಂದು ಕೊನೆಗೊಂದು ಬಾಗಿಲು. ನಕಲಿನಲ್ಲಿ ಮಾಡಿ ನೋಡಿದೆ. ಅವಳಿಯಿರಲಿ, ಹತ್ತು ಸಾಲು ಒಟ್ಟಿಗೆ ಸುರಿದರೂ ಟಣಟಣ ಎಂದು ಹತ್ತು ತಾರೀಖು ಬಿದ್ದವು! ಅಸಲಿ ಫೈಲನ್ನು ನಾನು ಮುಟ್ಟಿಲ್ಲ, ನೀನು ಬಂದು ಮಾಡಬೇಕೆಂದು ಹಾಗೆಯೇ ಇಟ್ಟಿದ್ದೇನೆ. ಅಲ್ಲಿಯವರೆಗೆ ಅವಳಿಗಳನ್ನು ಒಬ್ಬೊಬ್ಬರನ್ನಾಗಿ ಬರೆಯುತ್ತೇವೆ, ಪ್ರತಿ ಮಗುವನ್ನೂ ಪುಸ್ತಕದ ಜೊತೆ ದಿನಕ್ಕೆರಡು ಸಲ ತಾಳೆ ನೋಡುತ್ತೇವೆ.

ಗುರುವಾರ ಸಂಜೆಯ ಬಸ್ಸಿಗೆ ಬಾ. ಅಣ್ಣನನ್ನೂ ಕರೆದುಕೊಂಡು ಬಾ, ಆದರೆ ಅವನು ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳವಾಡಿದರೆ ಬಿಟ್ಟುಕೊಡಬೇಡ, ಪಶ್ಚಾತ್ತಾಪ ಪಡಲಿ. ನನ್ನ ಮನೆಯಲ್ಲಿ ಉಳಿಯಲು ಮನಸ್ಸಿಲ್ಲದಿದ್ದರೆ ಸಿಸ್ಟರ ಮನೆಯಲ್ಲಿ ಹಾಸಿಗೆ ಹಾಸಿಟ್ಟಿರುತ್ತಾರೆ, ಕೇಳಿದ್ದೇನೆ. ಮುಖ ತಿರುಗಿಸಿಕೊಂಡೇ ಬಾ, ಪರವಾಗಿಲ್ಲ. ಬಾ ಅಷ್ಟೇ.

ಇಂತು, ನಿನ್ನ ಕುರ್ಚಿಯನ್ನು ದಿನವೂ ಒರೆಸಿ ಕೂರುವ,
ನಿನ್ನ ನಾದಿನಿ

ತಾ.ಕ.: ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದೆ. ಸಿಸ್ಟರ್ ಹೇಳಿದ ಮಾತನ್ನು ಮೇಲೆ ಪೂರ್ತಿ ಬರೆದಿಲ್ಲ. "ಎಂಡ್ ಒತ್ತಿದ್ರೆ ಹೋಗುತ್ತೆ" ಎಂದ ಮೇಲೆ ಅವರು, "ನೀನೇ ಅಲ್ವಾ ಹೇಳ್ಕೊಟ್ಟಿದ್ದು?" ಎಂದರು. ಹೌದು, ನಾನೇ. ಆ ಗಂಡು ಮಗು ಹುಟ್ಟಿದ ದಿನ ಅವಳಿಗಳನ್ನು ಕೂರಿಸಿದವಳು ನಾನು, ಪೆಟ್ಟಿಗೆ ಬಂದದ್ದು ನನ್ನ ಕಣ್ಣೆದುರು, ಎಂಡ್ ಒತ್ತಿದ್ದು ಈ ಬೆರಳು. ವಿಚಾರಣೆಯಲ್ಲಿ ಕೇಳಿದಾಗ ಅದು ನನಗೆ ನೆನಪಿತ್ತು ಅತ್ತಿಗೆ. ಅದರಿಂದಲೇ ಹೀಗಾಯಿತು ಎಂದು ಗೊತ್ತಿರಲಿಲ್ಲ, ಆದರೆ ಏನೋ ಬಂದಿತ್ತು ಎನ್ನುವುದು ಗೊತ್ತಿತ್ತು. ಆ ವಾರ ನನ್ನ ಕೆಲಸ ಕಾಯಂ ಆಗುವುದಿತ್ತು. ಹೆದರಿ ಇಲ್ಲ ಎಂದೆ. ದೊಡ್ಡ ಡಾಕ್ಟರಿಗೆ ನಿನ್ನೆ ಬರೆದುಕೊಟ್ಟ ಹೇಳಿಕೆಯಲ್ಲಿ ಇದನ್ನು ಮೊದಲನೇ ಸಾಲಿನಲ್ಲೇ ಬರೆದೆ. ನಿನಗೆ ಬರೆಯುವಾಗ ಮಾತ್ರ ಇಷ್ಟು ಪುಟ ಬೇಕಾಯಿತು.